ಸೀಮೆಸುಣ್ಣದ ಗೆರೆ

ನೆರೂಳಿನ ಫ್ಲ್ಯಾಟುಗಳ ಸೊಸೈಟಿಯಲ್ಲಿ ವಿಷ್ಣುಮೂರ್ತಿಯವರ ಶಿಸ್ತಿಗೆ ದೊಡ್ಡ ಹೆಸರಿತ್ತು. ಬೇಲಾಪುರದ ಆಫೀಸಿನಲ್ಲಿ ಫೈಲು ಜೋಡಿಸುವ ಮನುಷ್ಯ. ಎಲ್ಲಿ ಕೊಳೆ ಕಂಡರೂ ಕೈ ಸುಮ್ಮನಿರದು. ಆ ಕೈಯೇ ಅವರ ಮಾನ ಕಳೆಯಿತು.

ಅವರ ಹಳೆಯ ಫಿಯೆಟ್ಟಿನ ಹೊಟ್ಟೆಯಡಿ, ಎಂಜಿನ್ನಿನಿಂದ ಹಿಂದಿನ ಚಕ್ರಗಳಿಗೆ ಹೋಗುವ ಉದ್ದನೆಯ ಶಾಫ್ಟನ್ನು ನಡುವೆ ಹಿಡಿದುಕೊಳ್ಳುವ ಬೇರಿಂಗು ಸವೆದಿತ್ತು. ಅಂಬರನಾಥದ ಕಾರ್ಖಾನೆಯೊಂದರಲ್ಲಿ ಫಿಟ್ಟರ್ ಆಗಿದ್ದ ಕಲಬುರಗಿಯ ಅಂಬಾರಾಯ ಭಾನುವಾರ ಬಂದು ಕಾರನ್ನು ಎತ್ತಿ ನಿಲ್ಲಿಸಿದ. ಶಾಫ್ಟಿಗೆ ಎರಡು ತುಂಡು. ಬಿಚ್ಚುವ ಮೊದಲು ಅವು ಹಲ್ಲಿಗೆ ಹಲ್ಲು ಕೂಡುವಲ್ಲಿ ಸೀಮೆಸುಣ್ಣದ ಗೆರೆ ಎಳೆದ.

“ಗೆರಿಗೆ ಗೆರಿ ಕೂಡಬೇಕ್ರಿ. ಒಂದ್ ಹಲ್ಲು ಆಚಿಗಾದ್ರ ಗಾಡಿ ನಡಗತದ,” ಎಂದು ಹೇಳಿ, ಶಾಫ್ಟನ್ನು ಬಿಚ್ಚಿಟ್ಟು ಹೊಸ ಬೇರಿಂಗು ತರಲು ಹೋದ.

ಅವನು ಬರುವಷ್ಟರಲ್ಲಿ ವಿಷ್ಣುಮೂರ್ತಿ ಸೀಮೆಎಣ್ಣೆ ಹಾಕಿ ಶಾಫ್ಟನ್ನು ಥಳಥಳ ಉಜ್ಜಿಟ್ಟಿದ್ದರು. ಗೆರೆಯೂ ಹೋಗಿತ್ತು. ಹೇಳಿಬಿಟ್ಟಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ಆದರೆ ಫಿಟ್ಟರನ ಮುಂದೆ ದಡ್ಡನಾಗುವುದು ಹೇಗೆ? ಅವನು ಕಾಣಿಸಿಕೊಳ್ಳುವ ಮೊದಲೇ ಮಗಳು ತನ್ವಿಯ ಸೀಮೆಸುಣ್ಣದ ಕಡ್ಡಿ ತಂದು ಅಂದಾಜಿನ ಮೇಲೆ ತಾವೇ ಗೆರೆ ಎಳೆದರು.

“ಗೆರಿ ಅಳಿಸಿಲ್ಲಲ್ರಿ?” ಎಂದು ಅಂಬಾರಾಯ ಕೇಳಿದ.

“ಇಲ್ಲ, ನೋಡಿಕೊಂಡೇ ಒರೆಸಿದ್ದೇನೆ.”

ಅವನು ಆ ಮಾತನ್ನು ನಂಬಿ ಕೂಡಿಸಿದ.

ಮರುದಿನ ಕಾರು ಚಳಿಜ್ವರ ಬಂದವರ ಹಾಗೆ ನಡುಗಿತು. ಮೇಲಿನ ಮನೆಯ ಸಂಕರ್ಷಣ ರಾಯರು ವಿಚಾರಿಸಿದಾಗ, “ಫಿಟ್ಟರ್ ಸರಿ ಕೂಡಿಸ್ಲಿಲ್ಲ ಕಾಣ್ತದೆ ಮಾರಾಯ್ರೆ,” ಎಂಬ ಮಾತು ಬಾಯಿಂದ ಜಾರಿತು. ರಾಯರೂ ತಮ್ಮ ಕಾರನ್ನು ಅಂಬಾರಾಯನ ಕೈಗೇ ಕೊಡುವವರಿದ್ದರು. ಬೇಡವೆಂದು ಹೇಳಿ ಕಳಿಸಿದರು. ವಾರವಿಡೀ ವಿಷ್ಣುಮೂರ್ತಿ ರಾಯರ ಕಣ್ಣು ತಪ್ಪಿಸಿ ಓಡಾಡಿದರು. ನಿಜವನ್ನು ಮಾತ್ರ ಹೇಳಲಿಲ್ಲ.

ಮುಂದಿನ ಭಾನುವಾರ ಅಂಬಾರಾಯ ಕರೆಯದೆಯೇ ಬಂದ. ಗೋಣಿತಟ್ಟು ಹಾಸಿ ಕಾರಿನಡಿ ನುಸುಳಿ, ಆ ಗೆರೆಯನ್ನು ಬಹಳ ಹೊತ್ತು ನೋಡಿದ. ಅದು ತನ್ನ ಕೈಯ ಗೆರೆಯಾಗಿರಲಿಲ್ಲ. ಶಾಫ್ಟನ್ನು ಒಂದು ಹಲ್ಲು ತಿರುಗಿಸಿ ಕೂಡಿಸಿ, ಒಂದು ಸುತ್ತು ಓಡಿಸಿ ನೋಡಿದ. ನಡುಕ ನಿಂತಿತ್ತು. ಆಮೇಲೆ ಸುತ್ತಿಗೆ ಹಿಡಿದು ಮತ್ತೆ ಕಾರಿನಡಿ ಹೋದ.

“ಸರಿಯಾಯ್ತಾ? ತಪ್ಪು ಯಾರದ್ದಂತೆ?” ಎಂದು ರಾಯರು ಬಾಲ್ಕನಿಯಿಂದ ಕೇಳಿದರು.

ಕಾರಿನಡಿ ಸುತ್ತಿಗೆಯ ಸದ್ದು ನಿಂತಿತು.

“ಬೇರಿಂಗಿನದ್ದೇ ಏನೋ ದೋಷ,” ಎಂದರು ವಿಷ್ಣುಮೂರ್ತಿ, ನೆಲ ನೋಡುತ್ತ. ಸುತ್ತಿಗೆ ಮತ್ತೆ ಸದ್ದು ಮಾಡಿತು.

ಅಂಬಾರಾಯ ಹೊರಬಂದು ಕೈ ಒರೆಸಿಕೊಂಡ. “ಉಳಿ ಹಚ್ಚಿ ಕಬ್ಬಿಣದಾಗ ಗುರುತು ಹೊಡದೀನ್ರಿ ಸಾಹೇಬ್ರ,” ಎಂದ. ಮೇಲಿನವರಿಗೆ ಕೇಳಿಸಬಾರದೆಂದು ದನಿ ತಗ್ಗಿಸಿದ್ದ. “ಇನ್ನ ಎಷ್ಟ್ ಸೀಮೆಎಣ್ಣಿ ಹಾಕಿ ತಿಕ್ಕಿದ್ರೂ ಹೋಗಂಗಿಲ್ಲ.”

ಚಹಾಕ್ಕೂ ನಿಲ್ಲದೆ ಸ್ಟೇಷನ್ನಿನ ಕಡೆ ನಡೆದ. ವಿಷ್ಣುಮೂರ್ತಿ ರಾಯರಿಗೆ ನಿಜ ಹೇಳಿಯೇಬಿಡುತ್ತೇನೆಂದು ಕೊನೆಗೂ ತಲೆ ಎತ್ತಿದರು. ಬಾಲ್ಕನಿ ಖಾಲಿಯಾಗಿತ್ತು. ಅದನ್ನು ಕಂಡು ಮನಸ್ಸಿಗೆ ಹಾಯೆನಿಸಿತಲ್ಲ, ಅವರಿಗೆ ಎಲ್ಲಕ್ಕಿಂತ ಹೆಚ್ಚು ನಾಚಿಕೆಯಾದದ್ದು ಅದಕ್ಕೆ.