ಅಂಪೈರ್ ಎತ್ತದ ಕೈ

ಮೊಂಡಿಯ ಬಲಗೈ ಬಗ್ಗೆ ಊರಿನವರು ಹೇಳುವುದೆಲ್ಲ ನಿಜ. ಆ ಕೈಯಿಂದ ಹೊರಟ ಷಟಲ್ ಎದುರಾಳಿಗೆ ಕಣ್ಣು ಮಿಟುಕಿಸಲೂ ಪುರಸೊತ್ತು ಕೊಡುವುದಿಲ್ಲ. ಆದರೂ ಅವಳು ವರ್ಷವಿಡೀ ಹಲ್ಲು ಕಚ್ಚಿ ಹಟ ಹಿಡಿದದ್ದು ಬೇರೆಯವರ ಕೈಗಾಗಿ. ಎತ್ತರದ ಕುರ್ಚಿಯಲ್ಲಿ ಕೂರುವ ಅಂಪೈರ್ ಮಹಾಶಯರ ಕೈಗಾಗಿ. ಅದನ್ನು ಸ್ವಲ್ಪ ಮೇಲೆತ್ತಿ ಅಂತ ಕೇಳಿದ್ದಕ್ಕೆ ಊರಿನ ಬ್ಯಾಡ್ಮಿಂಟನ್ ಸಂಘದವರು ಮನೆ ಬರೆದುಕೊಡಿ ಅಂದ ಹಾಗೆ ಆಡಿದರಲ್ಲ, ನೆನೆದರೆ ನನಗೆ ಈಗಲೂ ಮೈ ಉರಿಯುತ್ತದೆ.

ಮೊಂಡಿ ಅನ್ನುವುದು ಕಿವುಡರ ಶಾಲೆಯ ಗೆಳತಿಯರು ಇಟ್ಟ ಹೆಸರು. ಅವರು ಬಾಯಲ್ಲಿ ಕರೆದವರಲ್ಲ. ಮುಷ್ಟಿ ಕಟ್ಟಿ ಹಣೆಗೆ ಎರಡು ಸಲ ಕುಟ್ಟಿಕೊಂಡರೆ ಅದೇ ಅವಳು. ತಲೆ ಅಲ್ಲ, ಬಂಡೆ ಅಂತ ಅರ್ಥ. ಕಿವಿ ಕೇಳುವ ಅವಳ ಅಕ್ಕ ಆ ಸನ್ನೆಯನ್ನು ಮಾತಿಗೆ ತಂದು ಮೊಂಡಿ ಮಾಡಿದಳು. ಅದೇ ನಿಂತಿತು.

ಆ ಶಾಲೆಯಲ್ಲಿ ಊಟದ ಕೋಣೆಯೇ ಆಟದ ಹಾಲ್. ಬೆಂಚು ಸರಿಸಿದರೆ ಅಂಕಣ, ಬೆಂಚು ಎಳೆದರೆ ಊಟ. ಜೊತೆಗೆ ಆಡುವವರು ಸುಸ್ತಾಗಿ ಕೂತ ಮೇಲೂ ಮೊಂಡಿ ಗೋಡೆಯ ಜೊತೆ ಆಡುತ್ತಿದ್ದಳು. ಗೋಡೆಯ ಸುಣ್ಣ ಉದುರಿತು, ವಾರ್ಡನ್ ಬೈದರು, ಸುಣ್ಣ ಬಳಿಸಿದರು, ಮತ್ತೆ ಉದುರಿತು. ಕೊನೆಗೆ ವಾರ್ಡನ್ ಸೋತು ತಾವೇ ಒಂದು ಒಳ್ಳೆಯ ರ‍್ಯಾಕೆಟ್ ತಂದುಕೊಟ್ಟರು. ಅಲ್ಲಿಂದ ಹೊರಟವಳು ಕಿವುಡರ ಪಂದ್ಯಗಳಲ್ಲಿ ಮೊದಲು ಊರು ಗೆದ್ದಳು, ಆಮೇಲೆ ದೇಶ, ಆಮೇಲೆ ವಿಮಾನ ಹತ್ತಿ ಹೋಗಿ ಜಗತ್ತು. ಚಿನ್ನದ ಪದಕಗಳು ಅಕ್ಕನ ಹೊಲಿಗೆ ಅಂಗಡಿಯ ಗಾಜಿನ ಬೀರುವಿನಲ್ಲಿ, ಗುಂಡಿ ಡಬ್ಬಿಗಳ ಪಕ್ಕದಲ್ಲಿ ತೂಗಾಡಿದವು.

ಅಳತೆ ಕೊಡಲು ಬಂದವರು ಅವನ್ನು ನೋಡುತ್ತಿದ್ದರು, ಆಮೇಲೆ ಇವಳನ್ನು ನೋಡುತ್ತಿದ್ದರು, ಆಮೇಲೆ ಅವರ ತುಟಿ ಎರಡು ಸಲ ಮುಚ್ಚಿ ತೆರೆಯುತ್ತಿತ್ತು. ಪಾಪ! ತುಟಿ ಓದುವುದರಲ್ಲಿ ಮೊಂಡಿ ಅಂಥ ನಿಪುಣೆಯೇನಲ್ಲ, ಹತ್ತು ಮಾತಿಗೆ ಆರು ಜಾರಿ ಹೋಗುತ್ತವೆ. ಆದರೆ ಈ ಒಂದು ಮಾತನ್ನು ಬೀದಿಯ ಆ ಕಡೆಯಿಂದಲೂ ಹಿಡಿಯುತ್ತಾಳೆ. ಜಗತ್ತು ಗೆದ್ದು ಬಂದವಳಿಗೆ ಪಾಪ ಅಂತೆ! ಇವರ ಪಾಪಕ್ಕೆ ಇಷ್ಟು ಬೆಂಕಿ ಹಾಕ!

"ಕಿವುಡರಲ್ಲಿ ನಾನೇ ಮೊದಲು. ಇನ್ನು ಈ ಊರಲ್ಲೂ ನಾನೇ ಮೊದಲಾಗ್ಬೇಕು," ಎಂದು ಅವಳು ಅಕ್ಕನಿಗೆ ಸನ್ನೆ ಮಾಡಿದಳು. "ಎಲ್ಲರೂ ಆಡೋ ಪಂದ್ಯದಲ್ಲಿ. ಆಮೇಲೆ ನೋಡ್ತೀನಿ ಯಾರು ಪಾಪ ಅಂತಾರೋ."

ಹಾಗೆ ಅವಳು ಊರಿನ ಸಂಘ ನಡೆಸುವ ದೊಡ್ಡ ಪಂದ್ಯಕ್ಕೆ ಇಳಿದಳು. ಕಳೆದ ವರ್ಷ ಫೈನಲ್ಲಿಗೂ ಬಂದಳು. ಎದುರಿಗೆ ನಿಂತವಳು ಒಬ್ಬ ಹಲ್ಲಿನ ಡಾಕ್ಟರಮ್ಮ, ನಾಲ್ಕಾರು ವರ್ಷದಿಂದ ಗೆದ್ದವರಿಗೆ ಕೊಡುವ ಕಪ್ಪು ಅವಳದೇ. ಆಟದಲ್ಲಿ ಬುದ್ಧಿವಂತೆ, ಅದನ್ನು ಅಲ್ಲಗಳೆಯುವುದಿಲ್ಲ. ಆ ಬುದ್ಧಿ ಎಲ್ಲಿಗೆ ಹೋಯಿತು ಅಂದರೆ, ಮೊಂಡಿಯ ಒಂದು ಅಭ್ಯಾಸದ ಮೇಲೆ ಹೋಯಿತು.

ಆಟದ ನಡುವೆ ಪಕ್ಕದ ಅಂಕಣದ ಷಟಲ್ ಬಂದು ಬಿದ್ದರೆ ಅಂಪೈರ್ 'ಲೆಟ್' ಅಂತ ಕೂಗುತ್ತಾರೆ. ನಿಲ್ಲಿಸಿ, ಈ ಪಾಯಿಂಟ್ ಲೆಕ್ಕಕ್ಕಿಲ್ಲ, ಮತ್ತೆ ಆಡಿ ಅಂತ ಅದರ ಅರ್ಥ. ಕಿವುಡರ ಪಂದ್ಯದಲ್ಲಾದರೆ ಅಂಪೈರ್ ಕೈ ಎತ್ತುತ್ತಾರೆ, ಕಣ್ಣಿದ್ದವರಿಗೆಲ್ಲ ಕಾಣುತ್ತದೆ. ಇಲ್ಲಿ ಬರೀ ಗಂಟಲು. ಹಾಗಾಗಿ ಮೊಂಡಿ ತನ್ನದೇ ಒಂದು ದಾರಿ ಮಾಡಿಕೊಂಡಿದ್ದಳು: ಎದುರಿನವಳು ನಿಂತರೆ ತಾನೂ ನಿಲ್ಲುವುದು. ಡಾಕ್ಟರಮ್ಮ ಅದನ್ನು ಕಂಡುಕೊಂಡಳು. ಫೈನಲ್ಲಿನ ಕೊನೆಯ ಪಾಯಿಂಟಿನಲ್ಲಿ ತಾನು ಹೊಡೆದ ಷಟಲ್ ಇನ್ನೂ ಗಾಳಿಯಲ್ಲಿರುವಾಗ ಬೆನ್ನು ನೆಟ್ಟಗೆ ಮಾಡಿ, ರ‍್ಯಾಕೆಟ್ ಇಳಿಸಿ, ಆರಾಮಾಗಿ ನಿಂತುಬಿಟ್ಟಳು. ಮೊಂಡಿಯೂ ನಿಂತಳು. ಷಟಲ್ ಬಂದು ಮೊಂಡಿಯ ಕಾಲ ಬಳಿ ಬಿತ್ತು. ಅಂಪೈರ್ ಲೆಟ್ ಅಂದೇ ಇರಲಿಲ್ಲ. ಕಪ್ಪು ಡಾಕ್ಟರಮ್ಮನ ಪಾಲಾಯಿತು.

"ನಂಗೆ ಬೆನ್ನು ಹಿಡ್ಕೊಳ್ತು, ಅದಕ್ಕೆ ನಿಂತೆ. ಅವಳ್ಯಾಕೆ ನಿಂತಳೋ ನಂಗೇನು ಗೊತ್ತು?" ಎಂದಳು ಡಾಕ್ಟರಮ್ಮ, ಎಲ್ಲ ಹಲ್ಲೂ ತೋರಿಸಿ. ಹಾಲಿನ ತುಂಬ ತುಟಿಗಳು ಎರಡೆರಡು ಸಲ ಮುಚ್ಚಿ ತೆರೆದವು.

ಮೊಂಡಿ ಕೆಲಸ ಮಾಡುವುದು ಒಂದು ದೊಡ್ಡ ಲಾಂಡ್ರಿಯಲ್ಲಿ. ಆಸ್ಪತ್ರೆಗಳ ಚಾದರ, ಹೋಟೆಲುಗಳ ಟವೆಲು ರಾಶಿ ರಾಶಿಯಾಗಿ ಬರುತ್ತವೆ. ಒಗೆಯುವ ಡ್ರಮ್ಮುಗಳು ತಿರುಗತೊಡಗಿದರೆ ಆ ಶೆಡ್ಡಿನಲ್ಲಿ ಯಾರ ಮಾತೂ ಯಾರಿಗೂ ಕೇಳಿಸುವುದಿಲ್ಲ. ಎಲ್ಲರೂ ಕೈಯಲ್ಲೇ ಮಾತಾಡುತ್ತಾರೆ, ಕೈಯಲ್ಲೇ ಬೈಯುತ್ತಾರೆ. ಅಲ್ಲಿ ಮೊಂಡಿಯೇ ವಾಚಾಳಿ. ಹೊಸದಾಗಿ ಸೇರಿದವರಿಗೆ ಆ ಭಾಷೆ ಕಲಿಸುವವಳೂ ಅವಳೇ. ಚಾದರ ಎಲ್ಲಿಯಾದರೂ ಸಿಕ್ಕಿಕೊಂಡರೆ ಮೇಸ್ತ್ರಿ ಒಂದು ಕೈ ಎತ್ತುತ್ತಾನೆ, ಇಡೀ ಶೆಡ್ಡು ನಿಲ್ಲುತ್ತದೆ. ಫೈನಲ್ ಸೋತ ಮರುದಿನ ಮೊಂಡಿ ಆ ಕೈಯನ್ನೇ ನೋಡುತ್ತ ನಿಂತಳು. ಮೇಸ್ತ್ರಿಗೆ ಆಗುವುದು ಅಂಪೈರಿಗೆ ಯಾಕೆ ಆಗುವುದಿಲ್ಲ?

ಅಕ್ಕನನ್ನು ಕರೆದುಕೊಂಡು ಸಂಘದ ಕಾರ್ಯದರ್ಶಿಯ ಕೋಣೆಗೆ ಹೋದಳು. ಅಂಪೈರೂ ಅಲ್ಲೇ ಕೂತು ಚಹಾ ಕುಡಿಯುತ್ತಿದ್ದರು. ವಿಷಯ ಕೇಳಿ ಕಾರ್ಯದರ್ಶಿ ಕುರ್ಚಿಗೆ ಒರಗಿದರು.

"ನೋಡಮ್ಮ, ಒಬ್ಬರಿಗೊಂದು ನಿಯಮ ಮಾಡೋಕಾಗಲ್ಲ. ನಿಮ್ಮ ತಂಗಿಗೆ ಅವರದೇ ಪಂದ್ಯ ಇದೆ, ಪದಕ ಇದೆ. ಇಲ್ಲಿ ಬಂದು ಯಾಕೆ ಕಷ್ಟಪಡಬೇಕು, ಪಾಪ."

ಮೊಂಡಿಯ ಕೈಗಳು ಗಾಳಿಯನ್ನು ಕತ್ತರಿಸಿದವು. "ಗೆರೆ ಕಾಯೋನಿಗೆ ಷಟಲ್ ಎಲ್ಲಿ ಬಿತ್ತು ಅಂತ ಕಾಣದಿದ್ರೆ ಎರಡೂ ಕೈಯಲ್ಲಿ ಕಣ್ಣು ಮುಚ್ಕೊಂಡು ತೋರಿಸ್ತಾನೆ. ಕಾಣಲಿಲ್ಲ ಅನ್ನೋಕೂ ನಿಮ್ಮಲ್ಲಿ ಸನ್ನೆ ಇದೆ! ನಿಲ್ಲಿಸು ಅನ್ನೋಕೆ ಮಾತ್ರ ಇಲ್ವಾ? ಕೇಳು ಈ ಅಂಪೈರನ್ನ, ಭುಜ ಏನಾದ್ರೂ ಹಿಡ್ಕೊಂಡಿದ್ಯಾ ಅಂತ!"

ಅಕ್ಕ ಕಾರ್ಯದರ್ಶಿಯ ಕಡೆ ತಿರುಗಿದಳು. "ದೊಡ್ಡ ಮನಸ್ಸು ಮಾಡಿ ಸ್ವಲ್ಪ ಯೋಚಿಸಿ ಅಂತಿದ್ದಾಳೆ ಸರ್," ಎಂದಳು.

ಅಂಪೈರ್ ಲೋಟ ಕೆಳಗಿಟ್ಟು, "ನಾನು ಕೂಗೋದು, ಆಡೋರು ಕೇಳೋದು. ಇಷ್ಟು ವರ್ಷ ಹಾಗೇ ನಡೆದಿದೆ," ಎಂದರು. ಅಲ್ಲಿಗೆ ಮುಗಿಯಿತು.

ಹೊರಗೆ ಬಂದ ಮೇಲೆ ಮೊಂಡಿ ಅಕ್ಕನ ಮುಂದೆ ಅಡ್ಡ ನಿಂತಳು. "ನಾನು ಅಷ್ಟು ಹೊತ್ತು ಕೈ ಆಡಿಸಿದೆ, ನೀನು ಒಂದೇ ಒಂದು ಮಾತಲ್ಲಿ ಮುಗಿಸಿದೆ. ಏನು ಹೇಳಿದೆ?"

"ನೀನು ಹೇಳಿದ್ದನ್ನೇ."

"ಸುಳ್ಳು. ಬೈದಿದ್ರೆ ಅವರ ಮುಖ ಹಾಗಿರ್ತಿರಲಿಲ್ಲ." ಎರಡು ದಿನ ಅಕ್ಕನ ಜೊತೆ ಮಾತು ಬಿಟ್ಟಳು. ಅಂದರೆ ಅಕ್ಕನ ಕಡೆ ತಿರುಗಿ ನೋಡುವುದನ್ನೇ ಬಿಟ್ಟಳು; ಕಿವುಡರು ಮುನಿಸಿಕೊಂಡರೆ ಅದಕ್ಕಿಂತ ಗಟ್ಟಿಯಾಗಿ ಮುಚ್ಚುವ ಬಾಗಿಲು ಇನ್ನೊಂದಿಲ್ಲ. ಮೂರನೆಯ ದಿನ ತಾನಾಗಿಯೇ ಬಂದು, "ಇನ್ಮೇಲೆ ಷಟಲ್ ನೆಲ ಮುಟ್ಟೋವರೆಗೂ ನಾನು ನಿಲ್ಲಲ್ಲ. ಯಾರು ನಿಂತ್ರೂ ಸರಿ, ಸತ್ರೂ ಸರಿ," ಎಂದು ಸನ್ನೆ ಮಾಡಿದಳು. ಹಾಗೆಯೇ ಅಭ್ಯಾಸ ಮಾಡಿದಳು. ಎದುರಿಗೆ ಅಕ್ಕನನ್ನು ನಿಲ್ಲಿಸಿ, ಆಟದ ನಡುವೆ ನಿಂತುಬಿಡು ಎನ್ನುವಳು, ಅಕ್ಕ ನಿಂತ ಕೂಡಲೇ ಹೊಡೆಯುವಳು. ಅಕ್ಕನ ತೋಳು ತೊಡೆಯೆಲ್ಲ ನೀಲಿಗಟ್ಟಿತು. ಪಾಪ ಅನ್ನಬೇಕಾದದ್ದು ಆ ಅಕ್ಕನಿಗೆ.

ಈ ವರ್ಷದ ಫೈನಲ್ಲಿಗೂ ಅವರಿಬ್ಬರೇ ಬಂದರು. ಕುರ್ಚಿಯಲ್ಲಿ ಅದೇ ಅಂಪೈರ್. ಲಾಂಡ್ರಿಯವರೆಲ್ಲ ರಜೆ ಹಾಕಿ ಗ್ಯಾಲರಿಯಲ್ಲಿ ಕೂತಿದ್ದರು, ಮೇಸ್ತ್ರಿ ಮುಂದಿನ ಸಾಲಿನಲ್ಲಿ. ಮೊದಲ ಗೇಮ್ ಡಾಕ್ಟರಮ್ಮನದು, ಎರಡನೆಯದು ಮೊಂಡಿಯದು. ಮೂರನೆಯದರ ನಡುವೆ ಪಕ್ಕದ ಅಂಕಣದಿಂದ ಒಂದು ಷಟಲ್ ಹಾರಿ ಬಂದು ಮೊಂಡಿಯ ಬೆನ್ನ ಹಿಂದೆ ಬಿತ್ತು. ಅಂಪೈರ್ ಲೆಟ್ ಅಂದರು. ಡಾಕ್ಟರಮ್ಮ ನಿಜವಾಗಿಯೂ ನಿಂತಳು. ಮೊಂಡಿ ನಿಲ್ಲಲಿಲ್ಲ. ಎಗರಿ ಕೊಟ್ಟ ಹೊಡೆತ ನೇರವಾಗಿ ಡಾಕ್ಟರಮ್ಮನ ಹೆಗಲಿಗೆ ಬಡಿಯಿತು.

ಹಾಲಿನಲ್ಲಿ ಗದ್ದಲವೋ ಗದ್ದಲ. ಅಂಪೈರ್ ಜೇಬಿನಿಂದ ಹಳದಿ ಕಾರ್ಡು ತೆಗೆದು ತೋರಿಸಿದರು. ಕಾರ್ಡು ಎತ್ತುವಾಗ ಆ ಕೈ ಎಷ್ಟು ಸಲೀಸಾಗಿ ಮೇಲೆ ಹೋಯಿತು ನೋಡಿ! ಇನ್ನೊಮ್ಮೆ ಹೀಗಾದರೆ ಕೆಂಪು ಕಾರ್ಡು, ಪಾಯಿಂಟು ಎದುರಾಳಿಗೆ ಎಂದು ಅಕ್ಕನ ಮೂಲಕ ಹೇಳಿಸಿದರು.

ಮೊಂಡಿ ಅದನ್ನು ಅರ್ಧ ಮಾತ್ರ ನೋಡುತ್ತಿದ್ದಳು. ಅವಳ ಕಣ್ಣು ಎದುರಿನ ಗೆರೆಯ ಆಚೆ ಕೂತಿದ್ದ ದಪ್ಪ ಮನುಷ್ಯನ ಮೇಲಿತ್ತು. ಷಟಲ್ ಒಳಗೆ ಬಿತ್ತೋ ಹೊರಗೆ ಬಿತ್ತೋ ಎಂದು ಹೇಳುವುದು ಅವನ ಕೆಲಸ. ಇಡೀ ಆಟದಲ್ಲಿ ಅವನು ಮಂಡಿಯ ಮೇಲೆ ಕೈಯಿಟ್ಟು, ಮುಂದಕ್ಕೆ ಬಗ್ಗಿ, ಗೆರೆಯನ್ನೇ ದಿಟ್ಟಿಸುತ್ತಿದ್ದ. ಲೆಟ್ ಅಂದ ಕೂಡಲೇ ಹಿಂದಕ್ಕೆ ಒರಗಿ, ಕನ್ನಡಕ ತೆಗೆದು, ಅಂಗಿಯ ತುದಿಯಲ್ಲಿ ಒರೆಸಿಕೊಂಡಿದ್ದ. ಅದು ಅವಳ ತಲೆಯಲ್ಲಿ ಕೂತಿತು.

"ಅಮ್ಮಾ ತಾಯಿ, ಅವಳು ನಿಂತ್ರೆ ನೀನೂ ನಿಂತುಬಿಡು," ಎಂದು ಅಕ್ಕ ಕೈಮುಗಿದಳು. ಮೊಂಡಿ ಮುಖ ಒರೆಸಿಕೊಂಡು ಒಳಗೆ ನಡೆದಳು.

ಆಟ ಹಗ್ಗ ಜಗ್ಗಿದ ಹಾಗೆ ಆ ಕಡೆಗೆ ಈ ಕಡೆಗೆ ಎಳೆದಾಡಿ ಕೊನೆಗೆ ಸಮಕ್ಕೆ ನಿಂತಿತು. ಮುಂದಿನ ಒಂದು ಪಾಯಿಂಟ್ ಯಾರದೋ ಕಪ್ಪು ಅವರದು. ಡಾಕ್ಟರಮ್ಮ ಸುಸ್ತಾಗಿದ್ದಳು, ಷಟಲ್ಲನ್ನು ಎತ್ತರಕ್ಕೆ ಎತ್ತಿಬಿಟ್ಟಳು. ಮೊಂಡಿಗೆ ತಟ್ಟೆಯಲ್ಲಿಟ್ಟು ಕೊಟ್ಟ ಹಾಗೆ ಅದು ಮೇಲಿಂದ ಇಳಿಯತೊಡಗಿತು. ಆಗ ಡಾಕ್ಟರಮ್ಮ ಬೆನ್ನು ನೆಟ್ಟಗೆ ಮಾಡಿದಳು. ರ‍್ಯಾಕೆಟ್ ಇಳಿಸಿದಳು. ಅಂಪೈರ್ ಕಡೆ ತಿರುಗಿ ಆರಾಮಾಗಿ ನಿಂತಳು.

ಮೊಂಡಿಯ ಕೈ ಹೊಡೆಯಲು ಮೇಲೆ ಎದ್ದಿತ್ತು. ಲೆಟ್ ಆಗಿದ್ದು ತಾನು ಹೊಡೆದರೆ ಕೆಂಪು ಕಾರ್ಡು, ಪಂದ್ಯ ಹೋಯಿತು. ಲೆಟ್ ಆಗದೆ ತಾನು ನಿಂತರೆ ಕಳೆದ ವರ್ಷದ ಕತೆಯೇ. ಡಾಕ್ಟರಮ್ಮನ ಮೈಯನ್ನು ನಂಬುವ ಹಾಗಿಲ್ಲ, ಅಂಪೈರಿನ ಕೈ ತೊಡೆ ಬಿಟ್ಟು ಏಳುವುದಿಲ್ಲ. ಅವಳು ಡಾಕ್ಟರಮ್ಮನ ಹೆಗಲಾಚೆ ನೋಡಿದಳು. ದಪ್ಪ ಮನುಷ್ಯ ಮಂಡಿಯ ಮೇಲೆ ಕೈಯಿಟ್ಟು ಬಗ್ಗಿಯೇ ಇದ್ದ. ಕನ್ನಡಕ ಮೂಗಿನ ಮೇಲೇ ಇತ್ತು, ಕಣ್ಣು ಗೆರೆಯ ಮೇಲೆ.

ಹೊಡೆದಳು. ಗೋಡೆಯ ಸುಣ್ಣ ಉದುರಿಸಿದ ಅಷ್ಟೂ ವರ್ಷ ಆ ಹೊಡೆತದಲ್ಲಿತ್ತು. ಷಟಲ್ ಮೂಲೆಗೆ ಹೋಗಿ ಬಿತ್ತು, ದಪ್ಪ ಮನುಷ್ಯ ಬಲಗೈ ಚಾಚಿ ಒಳಗೆ ಎಂದು ತೋರಿಸಿದ.

"ಲೆಟ್ ಅಲ್ವಾ ಸರ್?" ಎಂದು ಡಾಕ್ಟರಮ್ಮ ಕೇಳಿದಳು. ಅಂಪೈರ್ ಅಲ್ಲ ಎಂದು ತಲೆ ಅಲ್ಲಾಡಿಸಿದರು. ಪಂದ್ಯ ಮುಗಿಯಿತು, ಗೆದ್ದವರು ಇಂಥವರು ಎಂದು ಗಂಭೀರವಾಗಿ ಸಾರಿದರು. ಬಾಯಲ್ಲಿ.

ಲಾಂಡ್ರಿಯವರು ಎದ್ದು ಕುಣಿದರು. ಡಾಕ್ಟರಮ್ಮ ಮುಖ ಗಂಟು ಹಾಕಿಕೊಂಡು ಕೈಕುಲುಕಲು ಬಲೆಯ ಬಳಿ ಬಂದಳು. ಮೊಂಡಿ ಮಾತ್ರ ಕದಲಲಿಲ್ಲ. ಮಂಡಿ ಬಗ್ಗಿಸಿ, ರ‍್ಯಾಕೆಟ್ ಮುಂದೆ ಹಿಡಿದು, ಮುಂದಿನ ಸರ್ವಿಸಿಗೆ ಕಾದವಳಂತೆ ನಿಂತೇ ಇದ್ದಳು. ಅಂಪೈರ್ ಮತ್ತೊಮ್ಮೆ ಸಾರಿದರು. ಅವಳು ನಿಂತೇ ಇದ್ದಳು. ಕಾರ್ಯದರ್ಶಿ ಕಪ್ಪು ಹಿಡಿದುಕೊಂಡು ಓಡಿ ಬಂದರು. ಪುರುಷರ ಫೈನಲ್ ಆಡುವವರು ಅಂಕಣದ ಅಂಚಿಗೆ ಬಂದು ಚೀಲ ಇಳಿಸಿ ಪಿಳಿಪಿಳಿ ನೋಡತೊಡಗಿದರು.

"ಏನಮ್ಮ ಇದು? ಆಟ ಮುಗೀತು ಅಂತ ಹೇಳಮ್ಮ ಅವಳಿಗೆ!" ಎಂದು ಕಾರ್ಯದರ್ಶಿ ಅಕ್ಕನ ಮೇಲೆ ರೇಗಿದರು.

ಅಕ್ಕ ಹೇಳಿದಳು. ಮೊಂಡಿ ರ‍್ಯಾಕೆಟ್ಟನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಅಂಪೈರನ್ನೇ ನೋಡುತ್ತ ಕೈ ಆಡಿಸಿದಳು. ಈ ಸಲ ಅಕ್ಕ ಒಂದು ಅಕ್ಷರವನ್ನೂ ಮೆತ್ತಗೆ ಮಾಡಲಿಲ್ಲ. ಅಂಗಡಿಯಲ್ಲಿ ಅಳತೆ ಕೂಗಿ ಹೇಳುವ ಗಂಟಲಿನಲ್ಲಿ ಇಡೀ ಹಾಲಿಗೆ ಕೇಳುವಂತೆ ಹೇಳಿದಳು:

"ಮುಗೀತು ಅಂತ ಯಾರು ಹೇಳಿದ್ದು? ನಂಗೆ ಕೇಳಿಸ್ಲಿಲ್ಲ. ಆ ಕೈ ಮೇಲೆ ಹೋಗೋವರೆಗೂ ನಾನು ಇಲ್ಲಿಂದ ಕದಲಲ್ಲ. ಬೆಳಗಾಗಲಿ, ಬೈಗಾಗಲಿ, ಇಲ್ಲೇ ಇರ್ತೀನಿ!"

ಗ್ಯಾಲರಿಯಲ್ಲಿ ಮೇಸ್ತ್ರಿಗೆ ತಡೆಯಲಾಗಲಿಲ್ಲ. ಶೆಡ್ಡಿನಲ್ಲಿ ಎತ್ತುವ ಹಾಗೆ ಎದ್ದು ನಿಂತು ಕೈ ಎತ್ತಿದ. ಮೊಂಡಿ ಅವನನ್ನು ಸನ್ನೆಯಲ್ಲೇ ಗದರಿಸಿ ಕೂರಿಸಿದಳು: ನೀನಲ್ಲ ಮಾರಾಯ, ಅವರು. ಇಡೀ ಹಾಲ್ ಗೊಳ್ಳೆಂದು ನಕ್ಕಿತು. ನಗು ನಿಂತ ಮೇಲೆ ಎಲ್ಲರೂ ಅಂಪೈರನ್ನು ನೋಡಿದರು. ಕಾರ್ಯದರ್ಶಿಯೂ ನೋಡಿದರು. ಡಾಕ್ಟರಮ್ಮ ಕೂಡ ಬಲೆಯ ಬಳಿ ಚಾಚಿದ ಕೈ ಚಾಚಿಕೊಂಡೇ ನೋಡಿದಳು.

ಅಂಪೈರ್ ಕೆಮ್ಮಿದರು. ಕಾಲರ್ ಸರಿಮಾಡಿಕೊಂಡರು. ಆಮೇಲೆ, ಬಾವಿಯಿಂದ ಕೊಡ ಎಳೆಯುವವರ ಹಾಗೆ ನಿಧಾನವಾಗಿ, ಬಲಗೈಯನ್ನು ಭುಜದವರೆಗೆ ತಂದರು. ಮೊಂಡಿ ಹುಬ್ಬು ಏರಿಸಿದಳು. ಕೈ ತಲೆಯ ಮೇಲಕ್ಕೆ ಹೋಯಿತು.

ಅವಳು ಅದನ್ನು ಕಣ್ತುಂಬ ನೋಡಿದಳು. ಬಲೆಯ ಬಳಿ ಹೋಗಿ ಡಾಕ್ಟರಮ್ಮನ ಕೈಯನ್ನು ಗಟ್ಟಿಯಾಗಿ ಕುಲುಕಿದಳು. ಆಮೇಲೆ ಅಕ್ಕನ ಕಡೆ ತಿರುಗಿ ಸನ್ನೆ ಮಾಡಿದಳು, "ನೋಡಿದ್ಯಾ, ಭುಜಕ್ಕೇನೂ ಆಗಿಲ್ಲ."