ಹಳದಿ ಚುಕ್ಕೆ ಯಾರ ಬಾವಿಯದು?

ರಾತ್ರಿ ಮಗುವಿಗೆ ಹಾಲೂಡಿಸುತ್ತಿದ್ದ ಯಾಳಿನಿಗೆ ಜಗಲಿಯಿಂದ ಸಣ್ಣ ಸದ್ದು ಕೇಳಿತು. ಐಸ್ ತುಂಡುಗಳ ನಡುವೆ ಬಾಟಲಿಗೆ ಬಾಟಲಿ ತಾಗಿದ ಸದ್ದು. ಕಿಟಕಿಯಲ್ಲಿ ಇಣುಕಿದಳು. ಪಕ್ಕದ ಮನೆಯ ಸುಹಿರ್ದಾ ಚಿಕ್ಕಮ್ಮ ಐಸ್ ಪೆಟ್ಟಿಗೆಯ ಮುಚ್ಚಳ ಹಾಕಿ, ತಾಳೆಗರಿ ಬೇಲಿಯ ಸಂದಿಯಲ್ಲಿ ನುಸುಳಿ ಹೋದಳು. ಐಸ್ ಬೇಕಿತ್ತೇನೋ ಎಂದುಕೊಂಡು ಯಾಳಿನಿ ಮಗುವನ್ನು ಮಲಗಿಸಿದಳು.

ಆ ಪೆಟ್ಟಿಗೆಯಲ್ಲಿ ಎರಡು ಬಾವಿಗಳ ನೀರಿತ್ತು. ಒಂದು ಯಾಳಿನಿಯ ತಾಯಿ ತವಮಲರ್ ಅವರ ಬಾವಿಯದು, ಇನ್ನೊಂದು ಸುಹಿರ್ದಾಳ ಬಾವಿಯದು. ಇಬ್ಬರೂ ಅಣ್ಣತಮ್ಮಂದಿರ ಹೆಂಡಿರು. ಜಾಫ್ನಾದ ಆ ಬೀದಿಗೆಲ್ಲ ತವಮಲರ್ ಬಾವಿಯ ನೀರೇ ಬೇಕು, ಅಷ್ಟು ಸಿಹಿ. ಸುಹಿರ್ದಾಳ ಬಾವಿಯದು ಸವಳು; ಬಟ್ಟೆಗೆ, ಈರುಳ್ಳಿ ಪಾತಿಗೆ ಸರಿ. ಸಂಜೆ ಬೇಲಿಯಾಚೆ ಕೊಡಗಳ ಸಾಲು ಕಂಡರೆ ಅವಳ ಹೊಟ್ಟೆ ಉರಿಯುತ್ತಿತ್ತು. ಸ್ವಂತ ಗಂಡನೇ, "ಅತ್ತಿಗೆ ಬಾವಿ ನೀರಲ್ಲಿ ಟೀ ಮಾಡೇ" ಅನ್ನುತ್ತಿದ್ದ.

ನೀರು ಪರೀಕ್ಷೆಯ ಜೆಸಿಂತಾ ಮಿಸ್ ಸಂಜೆ ಬಾಟಲಿ ತುಂಬಿಸಿ, ಹೆಸರಿನ ಚೀಟಿಗಳನ್ನು ರಬ್ಬರ್ ಬ್ಯಾಂಡಿನಲ್ಲಿ ಸಿಕ್ಕಿಸಿ, ಪೆಟ್ಟಿಗೆಯನ್ನು ಬೆಳಗಿನವರೆಗೆ ತವಮಲರ್ ಅವರ ಜಗಲಿಯಲ್ಲಿ ಇಟ್ಟು ಹೋಗಿದ್ದರು. "ಫಲಿತಾಂಶ ಮಹಿಳಾ ಸಂಘದಲ್ಲಿ ಎಲ್ಲರ ಮುಂದೆ ಓದ್ತೀನಿ" ಅಂದಿದ್ದರು. ಆ ಮಾತು ಕೇಳಿಯೇ ಸುಹಿರ್ದಾಳ ನಿದ್ದೆ ಹಾರಿತ್ತು.

ಬೆಳಿಗ್ಗೆ ಸಂಘದ ಕೋಣೆಯಲ್ಲಿ ಮಿಸ್ ಒಂದು ತೆಳು ಬಿಳಿ ಜಾಲರಿಯನ್ನು ಇಕ್ಕಳದಲ್ಲಿ ಹಿಡಿದು ತೋರಿಸಿದರು. ಕಾಗದದಂತಿತ್ತು, ಮೇಲೆ ಸಣ್ಣ ಚೌಕಗಳು. "ನೀರು ಇದರ ಮೂಲಕ ಇಳಿಯುತ್ತೆ, ಕಣ್ಣಿಗೆ ಕಾಣದ ಜೀವಿ ಮೇಲೇ ಉಳಿಯುತ್ತೆ. ಅದಕ್ಕೆ ಊಟ ಹಾಕಿ ಬೆಚ್ಚಗಿಟ್ಟರೆ ನಾಳೆ ಹಳದಿ ಚುಕ್ಕೆಯಾಗಿ ಕಾಣುತ್ತೆ."

"ಆ ಚುಕ್ಕೆಯಿಂದಲೇ ವಾಂತಿಭೇದಿ ಬರುತ್ತಾ ಮಿಸ್?" ಯಾಳಿನಿ ಕೇಳಿದಳು.

"ಅದರಿಂದಲೇ ಅಂತಲ್ಲ. ಅಡುಗೆಮನೇಲಿ ಬೆಕ್ಕಿನ ಹೆಜ್ಜೆ ಕಂಡರೆ ಬೆಕ್ಕು ಬಂದಿತ್ತು ಅಂತ ಗೊತ್ತಾಗಲ್ವಾ? ಇದು ಕರುಳಲ್ಲಿ ಇರೋ ಜೀವಿ. ನೀರಲ್ಲಿ ಸಿಕ್ಕರೆ ಮಲ ಸೇರಿದೆ ಅಂತ ಅರ್ಥ. ಅದರ ಜೊತೆ ಟೈಫಾಯ್ಡ್, ಕಾಲರಾ ಎಲ್ಲಾ ಬರಬಹುದು."

ಮರುದಿನ ತವಮಲರ್ ಹೆಸರಿನ ಜಾಲರಿ ಬೆಳ್ಳಗಿತ್ತು. ಸುಹಿರ್ದಾಳ ಹೆಸರಿನದರ ತುಂಬ ಹಳದಿ ಚುಕ್ಕೆ.

"ನಾನು ಹೇಳಲಿಲ್ವಾ? ನಮ್ಮದು ಬಂಗಾರದಂಥ ನೀರು!" ತವಮಲರ್ ಸೆರಗು ಸರಿಮಾಡಿಕೊಂಡರು.

ಸುಹಿರ್ದಾ ಎರಡೂ ಜಾಲರಿಗಳನ್ನು ಮತ್ತೆ ಮತ್ತೆ ನೋಡಿದಳು. ತನ್ನ ನೀರೇ ಸೋಲುತ್ತದೆಂದು ರಾತ್ರಿ ಚೀಟಿ ಅದಲುಬದಲು ಮಾಡಿದ್ದಳು. ಸುಮ್ಮನಿದ್ದಿದ್ದರೆ ಇವತ್ತು ಅವಳೇ ಗೆಲ್ಲುತ್ತಿದ್ದಳು. ಮಲ ಸೇರಿದ್ದು ಅಕ್ಕನ ಸಿಹಿ ಬಾವಿಗೆ. ಅದು ಗೊತ್ತಿರುವುದು ಅವಳೊಬ್ಬಳಿಗೆ.

ಸಂಜೆ ಬೇಲಿಯಾಚೆ ಯಾಳಿನಿ ಎಂಟು ತಿಂಗಳ ಮಗುವಿನ ಬಾಯಿಗೆ ಲೋಟ ಹಿಡಿಯುತ್ತಿದ್ದಳು. ಮಗುವಿಗೆ ಬೆಳಗಿನಿಂದ ಭೇದಿ. ಸುಹಿರ್ದಾ ಓಡಿ ಬಂದು ಲೋಟದ ಮೇಲೆ ಅಂಗೈ ಮುಚ್ಚಿದಳು.

"ಕೊಡಬೇಡ ಕಣೇ! ಕುದಿಸಿ ಆರಿಸಿ ಕೊಡು."

"ನಿನ್ನ ಹೊಟ್ಟೆಕಿಚ್ಚು ಕೂಸಿನ ಲೋಟಕ್ಕೂ ಬಂತಾ?" ತವಮಲರ್ ರೇಗಿದರು. "ಸಂಘದಲ್ಲಿ ಮುಖ ಹೋಯ್ತು ಅಂತ ಇಲ್ಲಿ ಬಂದು ಕಲ್ಲು ಹಾಕ್ತೀಯಾ?"

"ಹೊಟ್ಟೆಕಿಚ್ಚೇ ಅಂದುಕೋ ಅಕ್ಕಾ. ಬೈಯಿ. ಕುದಿಸದೆ ಮಾತ್ರ ಕೊಡಬೇಡ."

ಚಿಕ್ಕಮ್ಮ ಲೋಟದ ಮೇಲಿಂದ ಕೈ ತೆಗೆಯಲಿಲ್ಲ. ಯಾಳಿನಿ ಆ ಕೈಯನ್ನೇ ನೋಡಿದಳು. ಐಸ್ ಪೆಟ್ಟಿಗೆಯ ಸದ್ದು ನೆನಪಾಯಿತು. ಲೋಟದ ನೀರನ್ನು ನುಗ್ಗೆ ಗಿಡದ ಬುಡಕ್ಕೆ ಚೆಲ್ಲಿ, ಒಲೆಯ ಮೇಲೆ ಪಾತ್ರೆ ಇಟ್ಟಳು. ಕುದಿಸಿ ಆರಿಸಿದ ನೀರಿನಲ್ಲಿ ಭೇದಿಗೆ ಕೊಡುವ ಜೀವಜಲದ (ಓಆರ್‌ಎಸ್) ಪುಡಿ ಬೆರೆಸಿ ಮಗುವಿಗೆ ಕುಡಿಸಿದಳು. ಆಮೇಲೆ ಮಿಸ್‌ಗೆ ಫೋನ್ ಮಾಡಿದಳು. "ಎರಡೂ ಬಾವಿ ಇನ್ನೊಂದು ಸಲ ನೋಡಿ ಮಿಸ್. ಈ ಸಲ ನಾನೇ ಪೆಟ್ಟಿಗೆ ಪಕ್ಕ ಕೂತಿರ್ತೀನಿ."

ಎರಡನೇ ಪರೀಕ್ಷೆಯಲ್ಲಿ ಹಳದಿ ಚುಕ್ಕೆಗಳು ತವಮಲರ್ ಹೆಸರಿಗೇ ಬಂದವು.

"ಇಷ್ಟು ಸಿಹಿ ನೀರಲ್ಲೂ ಚುಕ್ಕೆಯಾ ಮಿಸ್?" ಅವರ ದನಿ ಇಳಿದಿತ್ತು.

"ಸಿಹಿ ಅನ್ನೋದು ನಾಲಿಗೆಗೆ ಅಕ್ಕಾ, ಹೊಲಸಿಗೆ ರುಚಿ ಇಲ್ಲ. ಬಾವಿ ಹತ್ತಿರ ಹೊಸ ಕಕ್ಕಸು ಗುಂಡಿ ತೋಡಿಸಿದ್ದೀರಲ್ಲ. ನಮ್ಮದು ಸುಣ್ಣಕಲ್ಲಿನ ನೆಲ, ತೂತು ತೂತು. ಗುಂಡಿಯದ್ದು ಸೀದಾ ಬಾವಿಗೆ ಇಳಿಯುತ್ತೆ. ಗುಂಡಿ ದೂರ ಮಾಡಿ, ಬಾವಿಗೆ ಕ್ಲೋರಿನ್ ಹಾಕಿಸೋಣ, ಮತ್ತೆ ಪರೀಕ್ಷೆ ಮಾಡೋಣ. ಅಲ್ಲೀವರೆಗೆ ಕುದಿಸದೆ ಕುಡಿಯಬೇಡಿ. ಆದರೆ ಮೊದಲ ಸಲ ಹೇಗೆ ತಿರುಗುಮುರುಗಾಯ್ತು?"

ಸುಹಿರ್ದಾ ನೆಲ ನೋಡಿದಳು. ಯಾಳಿನಿ ಮಗುವಿನ ಟೊಪ್ಪಿ ಸರಿಮಾಡಿದಳು.

"ಚೀಟಿ ಒದ್ದೆಯಾಗಿ ಜಾರಿತ್ತೇನೋ. ಇನ್ನು ಬಾಟಲಿ ಮೇಲೇ ಬರೀತೀನಿ" ಅಂದರು ಮಿಸ್.

ಈಗ ಕೊಡಗಳ ಸಾಲು ಸುಹಿರ್ದಾಳ ಬಾವಿಗೆ ತಿರುಗಿದೆ. ತವಮಲರ್ ಬೇಲಿಯಾಚೆಯಿಂದ ಮುಖ ಊದಿಸಿಕೊಂಡು ನೋಡುತ್ತಾರೆ. "ಟೀ ಉಪ್ಪುಪ್ಪು" ಎನ್ನುತ್ತಲೇ ಎರಡನೇ ಲೋಟ ಕೇಳುತ್ತಾರೆ. ಅವರ ಗುಂಡಿ ತೋಟದ ಆ ತುದಿಗೆ ಹೋಗಿದೆ. ಮಗುವಿನ ಭೇದಿ ನಿಂತಿದೆ.

ಅಕ್ಕಂದಿರೇ, ತಂಗಿಯರೇ, ನಿಮ್ಮ ಬಾವಿ ತಿಳಿಯಾಗಿರಬಹುದು, ಸಿಹಿಯಾಗಿರಬಹುದು. ಕಣ್ಣು, ನಾಲಿಗೆ ನಂಬಬೇಡಿ, ಪರೀಕ್ಷೆ ಮಾಡಿಸಿ. ಮಳೆಗಾಲ ಕಳೆದ ಮೇಲೆ ಮರೆಯದೆ ಮಾಡಿಸಿ. ಪರೀಕ್ಷೆಯ ಬಾಟಲಿಯನ್ನು ಶುದ್ಧ ಮಾಡಿಯೇ ಕೊಟ್ಟಿರುತ್ತಾರೆ, ತೊಳೆಯಬೇಡಿ, ಅದರ ಬಾಯಿಗೆ ಬೆರಳು ತಾಗಿಸಬೇಡಿ. ಚುಕ್ಕೆ ಬಂದರೆ ನಾಚಿಕೆ ಬೇಡ, ನೀರು ಕುದಿಸಿ, ಕಾರಣ ಹುಡುಕಿ. ನೀರಿನಲ್ಲಿ ಸೋಲು ಗೆಲುವು ಇಲ್ಲ. ಪಕ್ಕದ ಮನೆಯ ಗುಂಡಿ ನಿಮ್ಮ ಬಾವಿಗೂ ಇಳಿಯುತ್ತದೆ.

ಒಂದು ಸಂಜೆ ಸುಹಿರ್ದಾ ತುಂಬಿದ ಕೊಡವನ್ನು ಯಾಳಿನಿಯ ಸೊಂಟಕ್ಕೆ ಏರಿಸುತ್ತ, "ಆ ರಾತ್ರಿ ನಿನಗೆ ಎಚ್ಚರ ಇತ್ತಾ?" ಅಂತ ಮೆಲ್ಲಗೆ ಕೇಳಿದಳು.

ಲೋಟದ ಬಾಯಿ ಮುಚ್ಚಿದ ಆ ಅಂಗೈಯನ್ನು ಯಾಳಿನಿ ಮರೆತಿರಲಿಲ್ಲ. ಅಮ್ಮನಿಗೂ ಹೇಳಬಾರದು, ಯಾರಿಗೂ ಹೇಳಬಾರದು ಎಂದು ಅಲ್ಲೇ ತೀರ್ಮಾನಿಸಿದಳು.

"ಇಲ್ಲ ಚಿಕ್ಕಮ್ಮಾ," ಅಂದಳು, "ಒಳ್ಳೇ ನಿದ್ದೆ."