ನೋಲಾಳ ಔಷಧಿ ಯಾರ ಕೆಲಸ?

ಬುಧವಾರ ಬೆಳಿಗ್ಗೆ ಹತ್ತು ಗಂಟೆಯೊಳಗೆ ರೆನೀಟಾಳ ಫೋನು ಮೂರು ಸಲ ಬಡಿದುಕೊಂಡಿತು. ಮೂರು ಸಲವೂ ಅವಳು ಎತ್ತಲಿಲ್ಲ.

"ಎತ್ತಬೇಡ," ಒಲೆಯ ಮುಂದಿನಿಂದ ಅವಳ ಅಮ್ಮ ವರ್ಲೀನ್ ಕೂಗಿದಳು. "ಎತ್ತಿದ್ರೆ ಮತ್ತೆ ಅದೇ ಪುರಾಣ. ಮಗು ಎಷ್ಟು ತೂಕ, ಏನ್ ತಿಂತಾಳೆ, ಮನೇಲಿ ಯಾರ್ಯಾರಿದೀರಿ. ನಾವೇನು ಕಳ್ಳರಾ, ವಾರವಾರ ಹಾಜರಿ ಹಾಕೋಕೆ?"

ಫೋನು ಮಾಡಿದವರು ಮೂವರು ಬೇರೆ ಬೇರೆ ಹೆಂಗಸರು. ಒಬ್ಬಳು ಕೌಂಟಿಯ, ಅಂದರೆ ಜಿಲ್ಲೆಯ, ಆರೋಗ್ಯ ಇಲಾಖೆಯ ನರ್ಸ್ ಹ್ಯಾಡ್ಲಿ. ಇನ್ನೊಬ್ಬಳು ವಿಮೆ ಕಂಪನಿಯವಳು. ಮತ್ತೊಬ್ಬಳು ಮಕ್ಕಳ ಕ್ಲಿನಿಕ್ಕಿನವಳು. ಮೂವರ ಕೆಲಸದ ಹೆಸರೂ ಒಂದೇ, ಆರೈಕೆ ಸಂಯೋಜಕಿ. ಮಗುವಿನ ಡಾಕ್ಟರು, ಔಷಧಿ, ಕಾಗದಪತ್ರ ಯಾವುದೂ ತಪ್ಪಿಹೋಗದಂತೆ ನೋಡಿಕೊಳ್ಳುವುದು ಅವರ ಕೆಲಸ.

ಆ ಮಗು ನೋಲಾ. ಇನ್ನೂ ಎರಡು ವರ್ಷ ತುಂಬಿರಲಿಲ್ಲ. ಮೂರು ತಿಂಗಳು ಮೊದಲೇ ಹುಟ್ಟಿದ ಕೂಸು, ಅಂಗೈಯಲ್ಲಿ ಹಿಡಿಸುವಷ್ಟಿತ್ತು. ಎಂಟನೇ ತಿಂಗಳಲ್ಲಿ ಫಿಟ್ಸ್ ಶುರುವಾಯಿತು. ಒಂದು ದುಬಾರಿ ಔಷಧಿ ಹಿಡಿದ ಮೇಲೆ ಹನ್ನೊಂದು ತಿಂಗಳು ಒಂದು ಸಲವೂ ಬಂದಿರಲಿಲ್ಲ.

ವಸಂತದಲ್ಲಿ ಮೂವರೂ ಒಟ್ಟಿಗೇ ಗಂಟುಬಿದ್ದಾಗ ರೆನೀಟಾ ಮೊದಮೊದಲು ಎಲ್ಲರಿಗೂ ಎಲ್ಲವನ್ನೂ ಹೇಳಿದಳು. ಹೇಳಿ ಹೇಳಿ ಬಾಯಿ ಸೋತಿತು. ಗೆಣಸು ವಿಂಗಡಿಸುವ ಶೆಡ್ಡಿನಲ್ಲಿ ಮಧ್ಯಾಹ್ನದ ಪಾಳಿ, ನಿಂತೇ ಎಂಟು ಗಂಟೆ. ಆಮೇಲಾಮೇಲೆ ಯಾರು ಕೇಳಿದರೂ ಒಂದೇ ಮಾತು ಹೇಳಿ ಜಾರಿಕೊಳ್ಳುತ್ತಿದ್ದಳು: "ಇನ್ನೊಬ್ರು ನೋಡ್ಕೋತಿದಾರೆ ಬಿಡಿ."

ವರ್ಲೀನಳ ಭಯವೇ ಬೇರೆ. ಅವಳ ಅಕ್ಕನ ಮನೆಗೆ ಹಿಂದೊಮ್ಮೆ ಹೀಗೇ ಕಾಗದ ಹಿಡಿದವರು ಬಂದಿದ್ದರು. ಅಕ್ಕನ ಮಗುವನ್ನು ಕರೆದೊಯ್ದು ಒಂದು ವರ್ಷ ಬೇರೆಯವರ ಮನೆಯಲ್ಲಿಟ್ಟಿದ್ದರು. ಅಂದಿನಿಂದ ಕೊರಳಿಗೆ ಗುರುತಿನ ಚೀಟಿ ನೇತುಹಾಕಿಕೊಂಡ ಯಾರನ್ನು ಕಂಡರೂ ಅವಳಿಗೆ ಆಗುತ್ತಿರಲಿಲ್ಲ.

ಕಳೆದ ವಾರ ಔಷಧಿ ಅಂಗಡಿಯವನು ಹೊಸ ಸೀಸೆ ಕೊಡಲಿಲ್ಲ. "ವರ್ಷದ ಮಂಜೂರಾತಿ ಮುಗಿದಿದೆಯಮ್ಮ. ಡಾಕ್ಟರು ಪತ್ರ ಬರೀಬೇಕು, ವಿಮೆಯವರು ಒಪ್ಪಬೇಕು. ತುರ್ತಿಗೆ ಅಂತ ಮೂರು ದಿನದ್ದು ಕೊಡ್ತೀನಿ. ಅದನ್ನ ಎರಡನೇ ಸಲ ಕೊಡೋಕಾಗಲ್ಲ." ಹಳೆಯ ಸೀಸೆಯಲ್ಲಿ ಉಳಿದಿದ್ದ ನಾಲ್ಕು ದಿನದ ಔಷಧಿಗೆ ಅದೂ ಸೇರಿತು.

ರೆನೀಟಾ ಕ್ಲಿನಿಕ್ಕಿಗೆ ಕೇಳಿದಳು. "ಅದು ವಿಮೆಯವರ ಸಂಯೋಜಕಿ ಮಾಡ್ತಾರೆ" ಎಂದರು. ವಿಮೆಯವರಿಗೆ ಕೇಳಿದಳು. "ನಮ್ಮಲ್ಲಿ ನಿಮ್ಮ ಫೈಲ್ ಮುಚ್ಚಿದೆ, ಕೌಂಟಿಯವರು ನೋಡ್ತಾರೆ" ಎಂದರು. ಕೌಂಟಿಗೆ ಮಾಡಿದಾಗ ಸಂದೇಶ ಹಿಡಿಯುವ ಯಂತ್ರ ಮಾತಾಡಿತು. ಅವಳು ತನ್ನ ಹೆಸರೂ ಹೇಳದೆ ಇಟ್ಟುಬಿಟ್ಟಳು.

ಈಗ ಮಂಜೂರಾತಿ ಬಂದಿರಲಿಲ್ಲ, ಔಷಧಿ ಮುಗಿಯುತ್ತ ಬಂದಿತ್ತು. ರೆನೀಟಾ ಕಂದು ಸೀಸೆಯ ಮುಚ್ಚಳ ತೆಗೆದು ಕಿಟಕಿಯ ಬೆಳಕಿಗೆ ಹಿಡಿದಳು. ತಳದಲ್ಲಿ ಒಂದು ದಿನದ್ದು ಇರಬೇಕಿತ್ತು. ಅದಕ್ಕಿಂತ ಒಂದು ಬೆರಳು ಹೆಚ್ಚಿತ್ತು.

ಬೆಳಗಿನ ಔಷಧಿ ತಾನೇ ಹಾಕುತ್ತಾಳೆ. ಸಂಜೆಯದು ಅಮ್ಮ.

"ಅಮ್ಮಾ. ಸಂಜೆ ಎಷ್ಟು ಹಾಕ್ತಿದೀಯ?"

ವರ್ಲೀನ್ ಒಲೆಯ ಮೇಲಿನ ಪಾತ್ರೆ ಕಲಕುತ್ತಲೇ ಇದ್ದಳು.

"ಅಮ್ಮಾ, ನಿನ್ನೇ ಕೇಳ್ತಿರೋದು."

"ಅರ್ಧ ಹಾಕ್ತಿದೀನಿ ಕಣೇ. ಇನ್ನೇನ್ ಮಾಡ್ಲಿ? ಪೂರ್ತಿ ಮುಗಿದುಹೋದ್ರೆ ಏನ್ ಗತಿ? ಎರಡು ದಿನ ಎಳೆಯಲಿ ಅಂತ..."

"ಅದೇನು ಸಕ್ಕರೆನಾ, ಎಳೆಯೋಕೆ?" ರೆನೀಟಾಳ ದನಿ ಏರಿತು. "ಒಂದು ಹೊತ್ತೂ ತಪ್ಪಿಸ್ಬೇಡಿ, ಒಂದು ಹನಿ ಕಮ್ಮಿ ಮಾಡ್ಬೇಡಿ ಅಂತ ಡಾಕ್ಟರು ಬಡ್ಕೊಂಡಿದ್ರಲ್ಲ!"

ಆಗ ಹಿಂದಿನಿಂದ ಚಮಚ ನೆಲಕ್ಕೆ ಬಿದ್ದ ಸದ್ದಾಯಿತು. ಎತ್ತರದ ಕುರ್ಚಿಯಲ್ಲಿ ಕೂತಿದ್ದ ನೋಲಾಳ ಕಣ್ಣು ಒಂದು ಕಡೆಗೆ ನೆಟ್ಟುಹೋಗಿತ್ತು. ಬಾಯಲ್ಲಿದ್ದ ಗಂಜಿ ಹಾಗೇ ಇಳಿಯುತ್ತಿತ್ತು. ಎಡಗೈ ಅದುರತೊಡಗಿತು, ಆಮೇಲೆ ಇಡೀ ಮೈ.

ರೆನೀಟಾ ಹಾರಿಬಂದು ಮಗುವನ್ನು ಎತ್ತಿ ನೆಲದ ಮೇಲೆ ಮಗ್ಗುಲಾಗಿ ಮಲಗಿಸಿದಳು. ತೆರೆದ ಸೀಸೆ ಅವಳ ಕೈಜಾರಿ ಸಿಂಕಿಗೆ ಉರುಳಿ, ಉಳಿದಿದ್ದ ಔಷಧಿಯೂ ಚೆಲ್ಲಿಹೋಯಿತು. ವರ್ಲೀನ್ ಆಂಬುಲೆನ್ಸಿಗೆ ಫೋನು ಮಾಡಿದಳು. ಗೋಡೆಯ ಗಡಿಯಾರದಲ್ಲಿ ನಾಲ್ಕು ನಿಮಿಷ ಕಳೆಯಿತು. ಆರಾಯಿತು. ಆಂಬುಲೆನ್ಸಿನವರು ಬಂದು ಮೂಗಿಗೆ ಔಷಧಿ ಬಿಟ್ಟ ಮೇಲೆ ಮಗುವಿನ ಮೈ ಸಡಿಲವಾಯಿತು.

ಆಸ್ಪತ್ರೆಯಲ್ಲಿ ಯುವ ಡಾಕ್ಟರೊಬ್ಬರು ಕೇಳಿದರು. "ಔಷಧಿ ಅಳತೆ ಪ್ರಕಾರ ಕೊಡ್ತಿದ್ರಾ?"

ವರ್ಲೀನ್ ಮಗಳ ಮಣಿಕಟ್ಟನ್ನು ಹಿಡಿದುಕೊಂಡಳು. ಉಗುರು ಚುಚ್ಚುವಷ್ಟು ಬಿಗಿಯಾಗಿ.

"ಕೊಡ್ತಿದ್ವಿ," ಎಂದಳು ರೆನೀಟಾ.

"ಹಾಗಾದ್ರೆ ಇದೊಂದೇ ಹಿಡೀತಿಲ್ಲ. ಇನ್ನೊಂದು ಜೋರಾದ ಔಷಧಿ ಸೇರಿಸ್ಬೇಕಾಗಬಹುದು. ನಿಮ್ಮ ಡಾಕ್ಟರ್‌ಗೆ ಬರೀತೀನಿ, ಅವರು ಶುಕ್ರವಾರ ತೀರ್ಮಾನ ಮಾಡ್ತಾರೆ."

ಮರುದಿನ ಮನೆಗೆ ಕಳಿಸುವಾಗ ಶುಕ್ರವಾರ ಬೆಳಗಿನವರೆಗಾಗುವಷ್ಟು ಔಷಧಿ ಕೊಟ್ಟರು. ಅದರ ನಂತರದ್ದಕ್ಕೆ ಮಂಜೂರಾತಿಯೇ ಬೇಕು ಎಂದರು.

ಗುರುವಾರ ಸಂಜೆ ಎದುರು ಮನೆಯ ಕಾರ್ಲಿಸ್ ಒಂದು ತಟ್ಟೆ ಕೋಳಿ, ಅವರೆಬೇಳೆ ಮುಚ್ಚಿಕೊಂಡು ಬಂದಳು. ಅವಳು ಪಕ್ಕದ ಕೌಂಟಿಯ ಒಂದು ಆಸ್ಪತ್ರೆಯಲ್ಲಿ ಬಿಲ್ಲು ಬರೆಯುವವಳು. ಹದಿನಾಲ್ಕು ವರ್ಷ ಅದೇ ಮೇಜು. ರೆನೀಟಾ ಅವಳ ಮುಂದೆ ಎಲ್ಲವನ್ನೂ ತೋಡಿಕೊಂಡಳು. ಅರ್ಧ ಔಷಧಿಯ ಮಾತನ್ನು ಮಾತ್ರ ನುಂಗಿದಳು.

"ವಿಮೆಯವರಿಂದ, ಕ್ಲಿನಿಕ್ಕಿಂದ ಕಾಗದ ಏನಾದ್ರೂ ಬಂದಿತ್ತಾ?" ಕಾರ್ಲಿಸ್ ಕೇಳಿದಳು.

ಮೈಕ್ರೋವೇವ್ ಹಿಂದೆ ಒಡೆಯದ ಲಕೋಟೆಗಳ ಕಂತೆಯಿತ್ತು. ಕಾರ್ಲಿಸ್ ಕನ್ನಡಕ ಏರಿಸಿ ಒಂದೊಂದಾಗಿ ಒಡೆದಳು. ಎರಡನ್ನು ಪಕ್ಕಕ್ಕಿಟ್ಟಳು.

"ನೋಡಿಲ್ಲಿ. ವಿಮೆಯವರು ಬರೀತಾರೆ, 'ಬೇರೆ ಕಾರ್ಯಕ್ರಮದವರು ನೋಡಿಕೊಳ್ಳುತ್ತಿರುವುದರಿಂದ ನಮ್ಮದನ್ನು ನಿಲ್ಲಿಸಿದ್ದೇವೆ.' ಕ್ಲಿನಿಕ್ಕಿನವರೂ ಅದನ್ನೇ ಬರೀತಾರೆ. ಇವಳು ಅವಳ ಮೇಲೆ, ಅವಳು ಇವಳ ಮೇಲೆ."

"ನಿಲ್ಲಿಸಿದ್ರೆ ಮತ್ತೆ ಫೋನ್ ಯಾಕ್ ಮಾಡ್ತಾರೆ?"

"ನಿನ್ನೆ ಮಾಡಿರೋದು ಮಗುವಿನ ಮಂಜೂರಾತಿ ಮುಗೀತು ಅಂತ ಅವರ ಕಂಪ್ಯೂಟರ್ ಕೂಗಿರ್ಬೇಕು, ಅದಕ್ಕೆ. ನೀನು ಎತ್ತಲಿಲ್ಲ. ಮೂಲ ಎಲ್ಲಿದೆ ಗೊತ್ತಾ? ಒಂದೇ ಮಗುವಿಗೆ, ಒಂದೇ ತಿಂಗಳಲ್ಲಿ, ಒಂದೇ ಕೆಲಸಕ್ಕೆ ರಾಜ್ಯ ಸರ್ಕಾರದವರು ಒಬ್ರಿಗೆ ಮಾತ್ರ ದುಡ್ಡು ಕೊಡೋದು. ಇಬ್ರು ಬಿಲ್ ಕಳಿಸಿದ್ರೆ ಒಂದು ವಾಪಸ್ ಬರುತ್ತೆ. ವಾಪಸ್ ಬಂದವರು ಫೈಲ್ ಮುಚ್ತಾರೆ. ಮುಚ್ಚೋ ಮುಂಚೆ ಒಬ್ರಿಗೊಬ್ರು ಮಾತಾಡ್ಕೋಬೇಕು. ಇಲ್ಲಿ ಯಾರೂ ಮಾತಾಡಿಲ್ಲ."

ವರ್ಲೀನ್ ಕೈಯೊರಸುವ ಬಟ್ಟೆಯನ್ನು ಮೇಜಿಗೆ ಎಸೆದಳು. "ಹೇಳಲಿಲ್ವಾ ನಾನು? ಅವರು ಬರೋದು ದುಡ್ಡಿಗೆ."

"ಸಂಬಳಕ್ಕೆ, ಮಿಸ್ ವರ್ಲೀನ್. ನೀವು ಇಪ್ಪತ್ತು ವರ್ಷ ಆ ಶೆಡ್ಡಲ್ಲಿ ಪುಕ್ಕಟೆ ಗೆಣಸು ಆರಿಸ್ತಿದ್ರಾ?"

"ಇವತ್ತು ಬಿಲ್ಲು ಅಂತಾರೆ, ನಾಳೆ ಮಗೂನ ಎತ್ಕೊಂಡು ಹೋಗ್ತಾರೆ. ನಮ್ಮಕ್ಕನ ಮನೇಲಿ ನೋಡಿದೀನಿ."

ಕಾರ್ಲಿಸ್ ದನಿ ತಗ್ಗಿಸಿದಳು. "ಆ ಕಚೇರಿಯೇ ಬೇರೆ, ಇವರೇ ಬೇರೆ. ಇವರನ್ನ ಇಟ್ಕೊಳ್ಳೋದು ಬಿಡೋದು ನಿಮ್ಮಿಷ್ಟ. ಆದ್ರೆ ನಾಳೆ ಸಂಜೆ ಈ ಮಗುವಿಗೆ ಔಷಧಿ ಬೇಕಲ್ಲ, ಅದನ್ನ ಯಾರು ತರ್ತಾರೆ, ನೀವೇ ಹೇಳಿ."

ರೆನೀಟಾ ಫೋನು ತೆಗೆದು ಹ್ಯಾಡ್ಲಿಯ ನಂಬರು ಒತ್ತಿದಳು. ಈ ಸಲ ಯಂತ್ರಕ್ಕೆ ಹೆಸರು, ಮಗುವಿನ ಹೆಸರು, ಮನೆಯ ವಿಳಾಸ, ನಡೆದ ಸಂಗತಿ ಎಲ್ಲವನ್ನೂ ಹೇಳಿದಳು.

ಶುಕ್ರವಾರ ಮಧ್ಯಾಹ್ನ ಎರಡಕ್ಕೆ ಹ್ಯಾಡ್ಲಿ ಬಂದಳು. ಬೆವರಿ ಮುದ್ದೆಯಾಗಿದ್ದ ದಪ್ಪನೆಯ ಹೆಂಗಸು. ಬಾಗಿಲಲ್ಲಿ ವರ್ಲೀನ್ ಅಡ್ಡ ನಿಂತಳು.

"ಅಮ್ಮಾ, ದಾರಿ ಬಿಡು," ಎಂದಳು ರೆನೀಟಾ.

ವರ್ಲೀನ್ ಬಿಟ್ಟಳು. ಹ್ಯಾಡ್ಲಿ ಮೊದಲು ನೆಲದ ಮೇಲೆ ಕೂತು ನೋಲಾಳನ್ನು ಎತ್ತಿಕೊಂಡು ಮಾತಾಡಿಸಿದಳು. ಆಮೇಲೆ ಆಸ್ಪತ್ರೆಯ ಕಾಗದ ಓದಿದಳು. ಅವಳ ಹುಬ್ಬು ಗಂಟಿಕ್ಕಿತು.

"ಹನ್ನೊಂದು ತಿಂಗಳು ಸುಮ್ಮನಿದ್ದದ್ದು ಈಗ ಯಾಕೆ ಬಂತು? ಇವತ್ತು ಡಾಕ್ಟರು ಎರಡನೇ ಔಷಧಿ ಬರೀತಾರೆ. ಇಷ್ಟು ಸಣ್ಣ ಮಗುವಿಗೆ ಅದು ಜೋರು. ಮಂಪರು ಹಿಡಿದು ಊಟ ಬಿಡ್ತಾಳೆ. ಬೇಕೇಬೇಕಾದ್ರೆ ಸರಿ. ಬೇಡದೆ ಇದ್ರೆ ಯಾಕೆ ಕೊಡ್ಬೇಕು?"

ರೆನೀಟಾ ಬಾಯಿ ಬಿಟ್ಟರೆ ಅಮ್ಮ ಸಿಕ್ಕಿಬೀಳುತ್ತಾಳೆ. ಬಿಡದಿದ್ದರೆ ಮಗುವಿಗೆ ಬೇಡದ ಔಷಧಿ.

"ನಾನು," ಎಂದಳು ವರ್ಲೀನ್. ಗೋಡೆಗೆ ಒರಗಿ ನಿಂತಿದ್ದಳು. "ನಾನು ಅರ್ಧ ಮಾಡಿದೆ. ಸಂಜೇದು. ಆರು ದಿನ. ಸಿಗಲ್ಲ ಅಂದ್ರಲ್ಲ, ಉಳಿಸೋಣ ಅಂತ. ಇವಳಿಗೂ ಗೊತ್ತಿರ್ಲಿಲ್ಲ. ಬರ್ಕೋಳಮ್ಮ, ಏನ್ ಬರ್ಕೋತೀಯೋ."

ಹ್ಯಾಡ್ಲಿ ಪೆನ್ನು ತೆಗೆದಳು.

"ಬರ್ಕೋತೀನಿ ಮಿಸ್ ವರ್ಲೀನ್, ಮುಚ್ಚಿಡಲ್ಲ. ಏನ್ ಬರೀತೀನಿ ಅಂತ ಕೇಳಿಸ್ಕೊಳಿ. 'ಮಂಜೂರಾತಿ ಮುಗಿದು ಔಷಧಿ ಸಿಗಲಿಲ್ಲ. ಮುಗಿದುಹೋಗುವ ಭಯದಲ್ಲಿ ಅಜ್ಜಿ ಅಳತೆ ಕಡಿಮೆ ಮಾಡಿದರು. ತಾವಾಗಿಯೇ ಹೇಳಿದರು. ಈ ಔಷಧಿ ಸೋತಿಲ್ಲ, ಪೂರ್ತಿ ಕೊಟ್ಟಿಲ್ಲ ಅಷ್ಟೆ. ಹೊಸದು ಬರೆಯುವ ಮೊದಲು ಡಾಕ್ಟರು ನನಗೆ ಫೋನ್ ಮಾಡಲಿ.' ಸರೀನಾ?"

ವರ್ಲೀನ್ "ಹೂಂ" ಎಂದು ಕುರ್ಚಿಯಲ್ಲಿ ಕೂತಳು. ಹ್ಯಾಡ್ಲಿ ಆಗಲೇ ಫೋನು ಒತ್ತುತ್ತಿದ್ದಳು. ಎರಡೂ ಮುಕ್ಕಾಲು. ಡಾಕ್ಟರು ನಾಲ್ಕಕ್ಕೆ ಹೊರಡುತ್ತಾರೆ. ಔಷಧಿ ಅಂಗಡಿ ಆರಕ್ಕೆ ಮುಚ್ಚುತ್ತದೆ. ಸೋಮವಾರದವರೆಗೆ ಮತ್ತೆ ತೆರೆಯುವುದಿಲ್ಲ.

ಮೂರು ಗಂಟೆಗೆ ಮೂವರು ಸಂಯೋಜಕಿಯರೂ ಒಂದೇ ಕರೆಯಲ್ಲಿ ಸಿಕ್ಕರು. ಫೋನು ಮೇಜಿನ ಮೇಲಿತ್ತು, ದನಿ ಇಡೀ ಮನೆಗೆ ಕೇಳುತ್ತಿತ್ತು.

"ನಮ್ಮ ಬಿಲ್ ವಾಪಸ್ ಬಂತು, ಅದಕ್ಕೆ ಕೌಂಟಿಯವರು ನೋಡ್ತಿದಾರೆ ಅಂದ್ಕೊಂಡ್ವಿ," ಎಂದಳು ವಿಮೆಯವಳು.

"ನಾವೂ ವಿಮೆಯವರ ಹೆಸರು ನೋಡಿಯೇ ಬಿಟ್ವಿ," ಎಂದಳು ಕ್ಲಿನಿಕ್ಕಿನವಳು. "ಅಲ್ಲದೆ ತಾಯಿಯೇ ಹೇಳಿದ್ರು, ಬೇರೆಯವರಿದಾರೆ ಅಂತ. ಮಾರ್ಚ್ ತಿಂಗಳ ಬಿಲ್ ಬೇರೆ ಇನ್ನೂ..."

"ಬಿಲ್ ಯಾರದು ಅಂತ ಸೋಮವಾರ ಕೂತು ಬಗೆಹರಿಸೋಣ," ಹ್ಯಾಡ್ಲಿ ಮಾತು ಕತ್ತರಿಸಿದಳು. "ಮಗುವಿನ ಔಷಧಿ ಇವತ್ತು. ರೆನೀಟಾ, ಮೂವರಲ್ಲಿ ಮುಂದೆ ನಿಂತು ನೋಡ್ಕೊಳ್ಳೋರು ಯಾರು ಅಂತ ನೀವು ಹೇಳ್ಬೇಕು."

"ನಾನಾ?"

"ಮಗು ನಿಮ್ಮದು."

ರೆನೀಟಾ ಅಮ್ಮನ ಕಡೆ ನೋಡಿದಳು. ವರ್ಲೀನ್ ಗಲ್ಲ ಎತ್ತಿ ಹ್ಯಾಡ್ಲಿಯ ಕಡೆ ತೋರಿಸಿದಳು.

"ಹ್ಯಾಡ್ಲಿ ನೋಡ್ಲಿ," ಎಂದಳು ರೆನೀಟಾ. "ನೋಲಾನ ಎತ್ಕೊಂಡಿರೋದು ಅವರೊಬ್ರೇ."

ಆಮೇಲೆ ಕೆಲಸ ಹಂಚಿಕೆಯಾಯಿತು. ಕ್ಲಿನಿಕ್ಕಿನವಳು ಡಾಕ್ಟರನ್ನು ಹಿಡಿದು ಪತ್ರಕ್ಕೆ ಸಹಿ ಹಾಕಿಸಬೇಕು. ವಿಮೆಯವಳು ಅದನ್ನು ತುರ್ತು ಎಂದು ಮೇಲಕ್ಕೆ ಕಳಿಸಬೇಕು. ಇಬ್ಬರೂ ಮುಗಿಸಿದ ತಕ್ಷಣ ಹ್ಯಾಡ್ಲಿಗೆ ಹೇಳಬೇಕು.

ಮೂರು ಐವತ್ತಕ್ಕೆ ಸಹಿಯಾಯಿತು. ನಾಲ್ಕೂವರೆ. ವಿಮೆಯಿಂದ ಸುದ್ದಿಯಿಲ್ಲ. ಐದಕ್ಕೆ ರೆನೀಟಾ ಕಾರು ಹತ್ತಿ ಅಂಗಡಿಗೆ ಹೋಗಿ ಕಟ್ಟೆಯ ಮುಂದೆ ನಿಂತಳು. ಅಂಗಡಿಯವನು ಕಂಪ್ಯೂಟರ್ ನೋಡಿ ಇಲ್ಲವೆಂದು ತಲೆಯಾಡಿಸಿದ. ಐದೂಕಾಲಿಗೂ ತಲೆಯಾಡಿಸಿದ. ಐದು ಮೂವತ್ತೈದಕ್ಕೆ ಅವಳ ಹಿಂದೆ ಸಾಲಿನಲ್ಲಿದ್ದವರೆಲ್ಲ ಹೋಗಿಯಾಗಿತ್ತು.

"ಇನ್ನೊಂದ್ಸಲ ನೋಡಣ್ಣ."

"ಈಗ ತಾನೇ ನೋಡಿದ್ನಲ್ಲಮ್ಮ."

"ಇನ್ನೊಂದೇ ಸಲ."

ಅವನು ಒತ್ತಿದ. ಕಾದ. ಕನ್ನಡಕ ಸರಿಮಾಡಿಕೊಂಡ. "ಬಂತು," ಎಂದು ಒಳಗೆ ಹೋದ.

ರೆನೀಟಾ ಸೀಸೆಯನ್ನು ಎದೆಗವಚಿಕೊಂಡು ಕಾರಿನಲ್ಲಿ ಕೂತು, ಬೀಗದ ಕೈ ತಿರುಗಿಸುವ ಮೊದಲು ಬಿಕ್ಕಿಬಿಕ್ಕಿ ಅತ್ತಳು. ಆ ಸಂಜೆ ನೋಲಾಳಿಗೆ ಪೂರ್ತಿ ಅಳತೆಯ ಔಷಧಿ ಸಿಕ್ಕಿತು. ಹ್ಯಾಡ್ಲಿಯಿಂದ ನಿಜ ತಿಳಿದ ಡಾಕ್ಟರು ಸೋಮವಾರ ಎರಡನೇ ಔಷಧಿಯ ಮಾತನ್ನೇ ಕೈಬಿಟ್ಟರು.

ಅಕ್ಟೋಬರ್‌ನಲ್ಲಿ ಚರ್ಚಿನ ಅಡುಗೆಮನೆಯಲ್ಲಿ ಹೆಂಗಸರೆಲ್ಲ ಸೊಪ್ಪು ಬಿಡಿಸುತ್ತಿದ್ದರು. ಒಬ್ಬ ಎಳೆಯ ತಾಯಿ, ತನ್ನ ಕೂಸಿನ ವಿಷಯಕ್ಕೆ ಇಬ್ಬರು ಮೂವರು ಫೋನು ಮಾಡುತ್ತಾರೆ, ತಲೆಚಿಟ್ಟು ಹಿಡಿದಿದೆ, ಯಾರದ್ದನ್ನೂ ಎತ್ತುವುದಿಲ್ಲ ಎಂದಳು. ಹ್ಯಾಡ್ಲಿಯ ಮುಂದೆ ಒಮ್ಮೆ ಬಿಟ್ಟರೆ ಜೀವಮಾನದಲ್ಲಿ ಯಾರ ಮುಂದೆಯೂ ತಪ್ಪು ಒಪ್ಪಿಕೊಳ್ಳದ ವರ್ಲೀನ್ ಕೈಯಲ್ಲಿದ್ದ ಸೊಪ್ಪನ್ನು ಕೆಳಗಿಟ್ಟಳು.

"ನಾನೂ ಹಾಗೇ ಮಾಡ್ದೆ ಮಗಾ," ಎಂದಳು. "ನನ್ನ ಮೊಮ್ಮಗಳು ನನ್ನ ಕಣ್ಣೆದುರೇ ಸೆಟೆದುಹೋಗಿದ್ಲು. ಕೂತ್ಕೋ, ಹೇಳ್ತೀನಿ."

ಇದನ್ನು ಓದುತ್ತಿರುವ, ಕೇಳುತ್ತಿರುವ ತಾಯಂದಿರೇ, ಅಜ್ಜಿಯರೇ, ಮಗುವನ್ನು ಸಾಕುತ್ತಿರುವ ಯಾರೇ ಆಗಿರಿ. ನಿಮ್ಮ ಮಗುವಿನ ಆರೈಕೆಗೆ ಒಬ್ಬರಿಗಿಂತ ಹೆಚ್ಚು ಜನ ಬರುತ್ತಿದ್ದಾರೆಯೇ? ಹಾಗಿದ್ದರೆ ಇವತ್ತೇ ಪ್ರತಿಯೊಬ್ಬರಿಗೂ ಉಳಿದವರ ಹೆಸರು, ನಂಬರು ಕೊಡಿ. "ನಮ್ಮ ಮಗುವಿಗೆ ಮುಂದೆ ನಿಂತು ನೋಡಿಕೊಳ್ಳುವವರು ಯಾರು?" ಎಂದು ಬಾಯಿಬಿಟ್ಟು ಕೇಳಿ. ಉತ್ತರ ಸಿಗುವ ತನಕ ಬಿಡಬೇಡಿ. ಬಂದ ಲಕೋಟೆ ಒಡೆದು ಓದಿ, ಓದಲು ಬಾರದಿದ್ದರೆ ಓದಿಸಿ. ಔಷಧಿ ಸಾಲದಾದರೆ ಅಳತೆ ಇಳಿಸಬೇಡಿ, ಕೂಡಲೇ ಫೋನು ಮಾಡಿ. ತಪ್ಪಾಗಿದ್ದರೆ ಹೇಳಿಬಿಡಿ, ಡಾಕ್ಟರ ಕೈ ಸರಿಯಾದ ಕಡೆಗೆ ಹೋಗಬೇಕಾದರೆ ಅವರಿಗೆ ನಿಜ ಗೊತ್ತಿರಬೇಕು.

ಆರೈಕೆಯ ಕೆಲಸದಲ್ಲಿರುವ ಅಕ್ಕತಂಗಿಯರೇ, ನಿಮಗೂ ಒಂದು ಮಾತು. ಬಿಲ್ಲು ವಾಪಸ್ ಬಂದರೆ ಫೈಲು ಮುಚ್ಚುವ ಮೊದಲು ಆ ಇನ್ನೊಬ್ಬರಿಗೆ ಒಂದು ಫೋನು ಮಾಡಿ. "ಈ ಮಗು ನಿಮ್ಮ ಹತ್ತಿರ ಇದೆಯಾ?" ಎಂದು ಕೇಳಿ. ಇದೆ ಎಂಬ ಮಾತು ನಿಮ್ಮ ಕಿವಿಗೆ ಬಿದ್ದ ಮೇಲೆಯೇ ಮುಚ್ಚಿ.